ಬೋರಲು ಚಿಪ್ಪು

ಹನ್ನೊಂದು ದಿನ ಮೇಜಿನ ಮೇಲೆ ಗೇರುಬೀಜ.
‘ಕೊಡು’ ಅಂದರೆ ಒಂದು ಹೋಳು; ಇಲ್ಲದಿದ್ದರೆ
ಪಟ್ಟಿಯಲ್ಲಿ ಸೊನ್ನೆ.
ನನ್ನ ಸೊನ್ನೆಗಳು ಬಲು ದುಂಡಗೆ.

ಸುಯೋಗ ತಾಂಡೇಲನಿಗೆ ಬೇಕಾದದ್ದು ತಿಸ್ರೆ ಚಿಪ್ಪು,
ಕಿಟಕಿಯಿಂದ ಬಾಗಿಲತನಕ,
ಎಲ್ಲವೂ ಬೋರಲು.

ಫಿಲೊಮಿನಾ ಬಾಯಿ ಬಂದವರೇ ನೆಲಕ್ಕೆ ಕೂತರು.
ಏನೂ ಕೇಳಲಿಲ್ಲ. ಅವನೊಂದು ಇಟ್ಟ, ಇವರೊಂದು.
ಕಾಳಿ ಸೇತುವೆ ಮೇಲೆ ಗೋವಾದ ಬಸ್ಸು ಹೋಯಿತು.
ಮತ್ತೆ ಅವನೊಂದು.
ಇವರದು ಮಾತ್ರ ಮುಷ್ಟಿಯೊಳಗೇ ಉಳಿಯಿತು.

ಅವನ ಕಣ್ಣು ಮುಷ್ಟಿಗೆ,
ಮುಷ್ಟಿಯಿಂದ, ಅಪರೂಪಕ್ಕೆ, ಮುಖಕ್ಕೆ:
‘ದೀ.’

ಮನೆಯ ಕೊಂಕಣಿ. ನನ್ನ ಪಟ್ಟಿಯಲ್ಲಿಲ್ಲದ ಮಾತು.
ತಟ್ಟನೆ ಕೊಟ್ಟರು;
ಆ ‘ತಟ್ಟನೆ’ ಮಾತ್ರ ನಾನು ಹೇಳಿಕೊಟ್ಟದ್ದು.

ನಾಳೆ ಗೇರುಬೀಜ ತರುವುದಿಲ್ಲ. ಪಟ್ಟಿ ತರುತ್ತೇನೆ,
ನೆಲದಲ್ಲೇ ಕೂತು ಬರೆಯಬೇಕು,
ಸಾಲು ಕೆಡದಂತೆ, ಮಂಡಿ ಮಡಚಿ.