ಮೂರನೇ ತಂತಿ

ಹನ್ನೊಂದು ತಿಂಗಳು ಧಣಿಯ ಶೆಡ್ಡಿನಲ್ಲಿ
ಸ್ಟೆಪ್ನಿ ಟೈರಿಗೆ ಒರಗಿ ನಿಂತಿತ್ತು ಈ ಗಿಟಾರು.
ಹಿಂದಿನ ಸೀಟಿನಲ್ಲಿ ಯಾರೋ ಮರೆತದ್ದು.
ಕೇಳಿಕೊಂಡು ಯಾರೂ ಬರಲಿಲ್ಲ.
"ದೂಮಣ್ಣ, ಕೊಂಡುಹೋಗು ಮಾರಾಯ,
ಒಳಗೆ ಇಲಿ ಮರಿ ಹಾಕೀತು."

ಸೊಂಟ ಕೈಕೊಟ್ಟು ಬಸ್ಸಿನಿಂದ ಇಳಿದವನಿಗೆ
ಈಗ ಟೈಮ್ ಕೀಪರನ ಕುರ್ಚಿ, ಸಂಜೆಯೆಲ್ಲ ಖಾಲಿ.
ಇಪ್ಪತ್ತಾರು ವರ್ಷ
ಸ್ಟೇಟ್ ಬ್ಯಾಂಕಿನಿಂದ ವಾಮಂಜೂರು,
ವಾಮಂಜೂರಿನಿಂದ ಸ್ಟೇಟ್ ಬ್ಯಾಂಕು.
ಎಡಗೈ ಬೆರಳ ಸಂದಿಗಳಲ್ಲಿ
ಹತ್ತರದ್ದು, ಇಪ್ಪತ್ತರದ್ದು, ಐವತ್ತರದ್ದು
ಉದ್ದಕ್ಕೆ ಮಡಚಿ ನಿಲ್ಲಿಸಿದ ಕೈ ಇದು.
ಮೂರು ತಂತಿ ಒತ್ತುವುದೇನು ಮಹಾ ಎಂದುಕೊಂಡಿದ್ದೆ.

ಕುಲಶೇಖರದ ಐರಿನ್ ಬಾಯಮ್ಮ,
ಇಗರ್ಜಿಯ ಗಾಯನ ತಂಡಕ್ಕೆ ನುಡಿಸುವವರು,
ಮೊದಲು ನನ್ನ ಉಗುರು ಕತ್ತರಿಸಿದರು.
ಫೀಸೆಷ್ಟು ಎಂದರೆ
"ನನ್ನ ಮೂರು ರೂಪಾಯಿ ಚಿಲ್ಲರೆ ನಿಮ್ಮಲ್ಲೇ ಉಂಟಲ್ಲ,
ತೊಂಬತ್ತೆಂಟರಿಂದ."

"ಬೆರಳು ಎಲ್ಲಿಟ್ಟಿದ್ದೀರಿ? ಪಟ್ಟಿಯ ಹತ್ತಿರ, ಇನ್ನೂ ಹತ್ತಿರ.
ಬಾಗಿಲಲ್ಲೇ ನಿಂತರೆ ಹೇಗೆ?
ನೀವೇ ಬೊಬ್ಬೆ ಹಾಕುತ್ತಿದ್ದಿರಲ್ಲ,
ಮುಂದೆ ಹೋಗಿ, ಮುಂದೆ ಹೋಗಿ ಅಂತ."
ಮುಂದೆ ಹೋದೆ.
ಝರ್ರೆನ್ನುತ್ತಿದ್ದದ್ದು ನಿಂತಿತು.
ಮೂರು ವಾರ ಎಡಗೈಯಲ್ಲಿ ಚಾದ ಗ್ಲಾಸು ಹಿಡಿಯಲಾಗಲಿಲ್ಲ.

ಸಿ ಕಾರ್ಡು.
ಒಟ್ಟಿಗೆ ಬಾರಿಸಿದರೆ ಸಂಜೆ ಆರರ ಬಸ್ಸು;
ಯಾರು ಮಾತಾಡಿದರು, ಯಾರು ಇಲ್ಲ, ತಿಳಿಯುವುದಿಲ್ಲ.
"ಒಂದೊಂದೇ ಮೀಟಿ. ಟಿಕೇಟು ಕೇಳಿದ ಹಾಗೆ."
ಐದನೆಯದು ಹೂಂ ಎಂದಿತು.
ನಾಲ್ಕನೆಯದು, ಹೂಂ.
ಮೂರನೆಯದು ಟಪ್,
ಒದ್ದೆ ರಟ್ಟಿಗೆ ತಟ್ಟಿದ ಹಾಗೆ.
ಎರಡು, ಒಂದು, ಸರಿ.
ಮತ್ತೆ ಮೂರು. ಟಪ್.

ತಂತಿಯೇ ಹಾಳು ಎಂದೆ.
ಬಾಯಮ್ಮ ಕನ್ನಡಕ ಏರಿಸಿ ಬಗ್ಗಿ ನೋಡಿದರು:
"ಅದನ್ನು ನೀವು ಒತ್ತಲೇ ಬೇಕಿಲ್ಲ, ಅದು ಬಿಟ್ಟ ತಂತಿ.
ನಾಲ್ಕರ ಮೇಲೆ ನಿಮ್ಮ ನಡುಬೆರಳು ಮಲಗಿದೆ,
ಅದರ ಹೊಟ್ಟೆ ತಾಗಿ ಇದರ ಬಾಯಿ ಮುಚ್ಚಿದೆ."

ನಂತೂರು. ಸುಡುಸುಡು ಮಧ್ಯಾಹ್ನ.
ನೀಲಿ ಚಡ್ಡಿಯ ಹುಡುಗ, ಹೆಗಲಲ್ಲಿ ಚೀಲ.
ಟಿಕೇಟೆಲ್ಲಿ ಎಂದರೆ ಸುಮ್ಮನೆ ನಿಂತ.
ಕೈಯಲ್ಲಿಲ್ಲ, ಕಿಸೆಯಲ್ಲಿಲ್ಲ, ನಾಲಿಗೆಯಲ್ಲೂ ಏನಿಲ್ಲ.
ಸಿಳ್ಳೆ ಊದಿ ಇಳಿಸಿದೆ.
ರೈಟ್ ಪೋಯಿ!
ರಾತ್ರಿ ಲೆಕ್ಕಕ್ಕೆ ಕೂತಾಗ ಹತ್ತು ರೂಪಾಯಿ ಹೆಚ್ಚಿತ್ತು.
ಎರಡು ಸಲ ಎಣಿಸಿದೆ.
ಆಗ ನೆನಪಾಯಿತು, ಮಲ್ಲಿಕಟ್ಟೆ ದಾಟುವಾಗ
ಜನರ ಕಂಕುಳಡಿಯಿಂದ ಒಂದು ಚಿಕ್ಕ ಕೈ ಚಾಚಿದ್ದು,
ಮುಖ ನೋಡದೆ ನಾನು ತೆಗೆದುಕೊಂಡದ್ದು.
ಮರುದಿನ ಅದೇ ಟ್ರಿಪ್ಪಿನಲ್ಲಿ ಹುಡುಕಿದೆ.
ನೀಲಿ ಚಡ್ಡಿಗಳು ಎಷ್ಟೋ ಇದ್ದವು.

ಬೆರಳನ್ನು ಎಬ್ಬಿಸಿದೆ,
ತುದಿಯ ಮೇಲೆ ನಿಲ್ಲಿಸಿದೆ.
ಹೆಬ್ಬೆರಳು ಹಿಂದೆ, ತುಸು ಕೆಳಗೆ.
ಮಣಿಕಟ್ಟು ನೋಯಿತು, ನೋಯಲಿ.
ಮೂರನೆಯದನ್ನು ಮೀಟಿದೆ, ಜೋರಾಗಿ ಅಲ್ಲ,
ಕೇಳುವಷ್ಟು.

ಅದು ಹೇಳಿದ್ದು ದೊಡ್ಡದೇನಲ್ಲ.
ಹೊರಗೆ ವಾಮಂಜೂರಿನ ಬಸ್ಸು ಹೋಯಿತು,
ಹೋದ ಮೇಲೂ ಸ್ವಲ್ಪ ಹೊತ್ತು ಇತ್ತು.
ಬಾಯಮ್ಮ ಏನೂ ಅನ್ನದೆ ಚಾಕ್ಕೆ ನೀರಿಡಲು ಒಳಗೆ ಹೋದರು.
ಜಿ ಇನ್ನೂ ಬಾಕಿ.
ಎಫ್ ಸುದ್ದಿ ಈ ವರ್ಷ ಬೇಡವಂತೆ.