ಪಕ್ಕದ ಖಾನೆ

ಗುಡ್ಡ ಬೆಳೆದಿದೆ ಎಂದ ಎಲೆಯುತೇರಿಯೊ.
ವಾಲ್ಪರೈಸೊದ ಗುಡ್ಡಗಳು ಬೆಳೆಯುವುದಿಲ್ಲ,
ಭೂಕಂಪಕ್ಕೆ ಒಂದಿಷ್ಟು ಕುಸಿಯುತ್ತವೆ, ಅಷ್ಟೆ.
ಆದರೂ ಹ್ಞೂಂ ಅಂದೆ.
ಬ್ರೆಡ್ಡಿನ ಚೀಲ ಆವತ್ತು ನನ್ನ ಕೈಗೆ ಬಂತು,
ಅವನು ಕೊಡಲಿಲ್ಲ, ನಾನು ಕೇಳಲಿಲ್ಲ.

ನಲವತ್ತು ವರ್ಷ ಕೇಬಲ್ ಬಂಡಿಯ ರಾಟೆಮನೆಯಲ್ಲಿದ್ದವನು.
ಮನೆಯಲ್ಲಿ ಉಣ್ಣಲು ಕೂತು, ಚಮಚ ಬಾಯಿಗಿಡುವ ಮೊದಲು,
"ಮೇಲಿನ ಬೇರಿಂಗಿಗೆ ಎಣ್ಣೆ ಸಾಲದು" ಅನ್ನುತ್ತಿದ್ದ.
ಹೋಗಿ ನೋಡಿದರೆ, ಹೌದು.
ಅಂಥ ಕಿವಿ.
ಈಗ ರಾತ್ರಿ ಅವನ ಎದೆಯೊಳಗೆ
ಒದ್ದೆ ಹಲಗೆಯ ಮೇಲೆ ಯಾರೋ ನಡೆದಂಥ ಸದ್ದು,
ಗೋಡೆಯಾಚೆಯ ಓರ್ಫಿಲಿಯಾಗೂ ಕೇಳಿಸುತ್ತದೆ.
ಅವನಿಗಿಲ್ಲ.

ಮೊದಲು ಒಂದು ದಿಂಬು. ಈಸ್ಟರ್ ಹೊತ್ತಿಗೆ ಎರಡು.
ಚಳಿ ಬಿದ್ದಾಗ ಮಗಳ ಹಳೆಯ ದಿಂಬೂ ಸೇರಿತು.
ಆಮೇಲೆ ಕುರ್ಚಿ:
ಸರಿರಾತ್ರಿಯಲ್ಲಿ ಹಳೆಯ ಫುಟ್‌ಬಾಲ್ ಪಂದ್ಯಗಳ ಮಾತು ಬರುತ್ತದಂತೆ,
ಕೂತೇ ಕೇಳಬೇಕಂತೆ.
ರೇಡಿಯೋದಲ್ಲಿ ಬ್ಯಾಟರಿಯೇ ಇರಲಿಲ್ಲ.
ನಾನು ಹೇಳಲಿಲ್ಲ.

ಬೂಟು ಚಿಕ್ಕದಾಯಿತು ಅಂದ.
ಎಪ್ಪತ್ತೊಂದರಲ್ಲಿ ಕಾಲು ಬೆಳೆಯುತ್ತದೆಯೇ?
ಸಂಜೆ ಕಾಲುಚೀಲ ಬಿಚ್ಚಿದರೆ ಪಟ್ಟಿಯ ಗುರುತು
ನಾದಿದ ಹಿಟ್ಟಿನ ಮೇಲಿನ ಬೆರಳಚ್ಚಿನ ಹಾಗೆ ನಿಂತೇ ಇರುತ್ತಿತ್ತು.
ಮೀನಿನ ಉಪ್ಪಿನದು ತಪ್ಪು, ಬಂದರಿನ ಮಂಜಿನದು ತಪ್ಪು,
ಬಿಟ್ಟು ಹನ್ನೆರಡು ವರ್ಷವಾದ ಸಿಗರೇಟಿನದು ತಪ್ಪು.
ಇನ್ನು ವಯಸ್ಸು, ಅದಂತೂ ಎಲ್ಲ ಸಾಲಕ್ಕೂ ಜಾಮೀನು.

ಹೃದಯವೆಂದರೆ ಅವನಿಗೆ ಅಣ್ಣ ಬೆಲಿಸಾರಿಯೊ:
ಹಡಗುಕಟ್ಟೆಯಲ್ಲಿ ಮೂಟೆ ಹೊತ್ತವನು,
ಎದೆ ಹಿಡಿದು, ಕೂಗಿ, ಬಿದ್ದು, ಮುಗಿದವನು.
ಹೃದಯವೆಂದರೆ ನೋವು. ನೋವಿಲ್ಲ. ಆದ್ದರಿಂದ ಹೃದಯವಲ್ಲ.
ಎಷ್ಟು ನೇರ ಲೆಕ್ಕ!
ಸ್ವಲ್ಪಸ್ವಲ್ಪವಾಗಿ ಬರುವುದನ್ನು
ಯಾವ ಅಣ್ಣನೂ ತೋರಿಸಿಕೊಟ್ಟು ಸತ್ತಿರಲಿಲ್ಲ.

ನಾನೇನು ಕಡಿಮೆಯೇ?
ಸಂತೆ ಬೇಡ, ಮೂಲೆಯಂಗಡಿ ಸಾಕೆಂದೆ,
ನನ್ನ ಮಂಡಿ ನೋವೆಂದೆ.
ಇಲ್ಲದ ಮಂಡಿನೋವನ್ನು ಒಂದಿಡೀ ಚಳಿಗಾಲ ಸಾಕಿದೆ.
ನಡೆಯದವನಿಗೆ ಏದುಸಿರು ಎಲ್ಲಿಂದ ಬಂದೀತು?
ಹೀಗೆ ಇಬ್ಬರೂ ಸೇರಿ ಅವನನ್ನು ಆರೋಗ್ಯವಾಗಿಟ್ಟೆವು,
ನಸುಕಿನಲ್ಲಿ ಬಚ್ಚಲಿಗೆಂದು ಎದ್ದವನು
ಗೋಡೆ ಹಿಡಿದು, ಮೀನಿನಂತೆ ಬಾಯಿ ತೆರೆದು
ನಿಂತುಬಿಟ್ಟ ದಿನದವರೆಗೆ.

ಆಸ್ಪತ್ರೆಯಲ್ಲಿ ನರ್ಸ್ ಯಾಸ್ನಾ ಕೇಳಿದಳು, ಹೇಗಿದ್ದೀರಿ?
"ಚೆನ್ನಾಗಿದ್ದೇನೆ." ಮೂಗಿನಲ್ಲಿ ಆಮ್ಲಜನಕದ ನಳಿಗೆ.
ಪಕ್ಕದ ಮಂಚದವನ ಕಡೆ ಗಲ್ಲ ತಿರುಗಿಸಿ,
"ಪಾಪ, ಹುಷಾರಿಲ್ಲದಿರುವುದು ಅವನಿಗೆ."
ಹುಡುಗಿ ಜಾಣೆ. ಮರುದಿನ ಆ ಪ್ರಶ್ನೆ ಬಿಟ್ಟಳು.
ಹೋದ ವರ್ಷ ಮಾಡುತ್ತಿದ್ದ ಯಾವುದನ್ನು ಈಗ ಮಾಡುತ್ತಿಲ್ಲ, ಎಂದಳು.
ಅವನು ತುಂಬ ಹೊತ್ತು ಸುಮ್ಮನಿದ್ದ.
"ಮೆಟ್ಟಿಲು ಹತ್ತುವಾಗ ಶಿಳ್ಳೆ" ಎಂದ.
ನಾನು ಕಿಟಕಿಯ ಕಡೆ ತಿರುಗಿದೆ.
ಅದು ನನಗೂ ಹೊಳೆದಿರಲಿಲ್ಲ.

ಈಗ ದಿನಾ ಬೆಳಗ್ಗೆ ತೂಕ. ಅದು ಅವನಿಗೆ ಹಿತ.
ಬಂಡಿಯ ಭಾರ ಬರೆದಿಟ್ಟ ಕೈ, ಗ್ರಾಮೂ ತಪ್ಪುವುದಿಲ್ಲ.
ಎರಡು ಕಿಲೋ ಏರಿದರೆ ತಾನೇ ಫೋನು ಎತ್ತುತ್ತಾನೆ,
ರಾಟೆಮನೆಯಿಂದ ದೂರು ಕೊಡುವ ಅದೇ ದನಿ.
ಆದರೆ ಪಕ್ಕದ ಖಾನೆ, "ಇಂದು ಏನನ್ನಿಸಿತು" ಎಂಬುದು,
ಅಲ್ಲಿ ಮೇಲಿಂದ ಕೆಳಗಿನವರೆಗೆ
ಏನಿಲ್ಲ. ಏನಿಲ್ಲ. ಏನಿಲ್ಲ.

ಅದರ ಅಡಿಯಲ್ಲಿ ನಾನು, ಪೆನ್ಸಿಲಿನಲ್ಲಿ:
ಮಂಗಳವಾರ. ಮೂವತ್ತೊಂದನೆಯ ಮೆಟ್ಟಿಲಲ್ಲಿ ನಿಂತ.
ಕಡಲು ಎಷ್ಟು ಚೆನ್ನಾಗಿದೆ ನೋಡು ಅಂದ.
ಮಂಜು ಕವಿದಿತ್ತು. ಕಡಲು ಕಾಣುತ್ತಿರಲಿಲ್ಲ.