ಬಾಕಿ

ಲಾರಿ ಮಾರುವ ದಿನ ಸೀಟಿನಡಿ ಸಿಕ್ಕ ಪುಸ್ತಕ:
ಎಣ್ಣೆ ಜಿಡ್ಡಿನ ರಟ್ಟು, ಒಳಗೆಲ್ಲ ಅವನ ಕಾಗೆ ಕಾಲಿನಕ್ಷರ.
ಗುರುನ್, ಸೇತುವೆ ಪಕ್ಕ. ಬೇಳೆ ಸಾರು, ಎರಡು ರೊಟ್ಟಿ. ಕೊಟ್ಟಿಲ್ಲ.
ಕಂಗಾಲ್, ಟೈರಿನಂಗಡಿ ಎದುರು. ಚಹಾ ಏಳು. ಕೊಟ್ಟಿಲ್ಲ.
"ಸಾಯುವ ಮೊದಲು ತೀರಿಸಬೇಕು, ಮುನೆವ್ವೆರ್," ಅಂದ ಜೆವ್ದೆತ್,
ಸಾಯುವ ಲಕ್ಷಣವೇನೂ ಇಲ್ಲದ ಮುಖದಲ್ಲಿ,
ತಮ್ಮನ ಕೆಂಪು ಜಾವಾ ಒರೆಸುತ್ತ.

ಹಾಗೆ ಹೊರಟೆವು ಕೈಸೇರಿಯಿಂದ.
ಅರವತ್ತೆಂಟರ ಅವನು ಮುಂದೆ, ಅರವತ್ತೊಂದರ ನಾನು ಹಿಂದೆ,
ನಡುವೆ ಒಂದು ದಿಂಬು, ಅವನ ಬೆನ್ನುನೋವಿಗೆ.
ಅವನು ಸವೆಸಿದ ರಸ್ತೆಗಳನ್ನು ನಾನು ಇಷ್ಟು ವರ್ಷ ಕಂಡದ್ದು
ಅಂಗಿ ಒಗೆಯುವ ಬಚ್ಚಲಲ್ಲಿ,
ಕಾಲರು ಬಿಡುವ ನೀರಿನ ಬಣ್ಣದಲ್ಲಿ:
ಇದು ಮಲಾತ್ಯದ ಕೆಂಪು, ಇದು ಸಿವಾಸಿನ ಬೂದಿ.
ಈಗ ಅದೇ ಮಣ್ಣು ನನ್ನ ಹಲ್ಲಿನಡಿ ಕರಕರ.

ಗುರುನಿನಲ್ಲಿ ಸೇತುವೆ ಇದೆ, ಹೋಟೆಲಿಲ್ಲ.
ಆ ಜಾಗದಲ್ಲಿ ಮೊಬೈಲು ರಿಪೇರಿ. ಹುಡುಗ ಪುಸ್ತಕ ನೋಡಿ ನಕ್ಕ:
"ಮೂವತ್ತು ಲಕ್ಷ ಲಿರಾ! ಬರೀ ಸಾರಿಗೆ?"
ಹೌದಪ್ಪಾ, ಆಗ ನಾವೆಲ್ಲ ಕೋಟ್ಯಧೀಶರು,
ಆಮೇಲೊಂದು ರಾತ್ರಿ ಸರಕಾರ ಆರು ಸೊನ್ನೆ ಒರೆಸಿಹಾಕಿತು.
ಜೆವ್ದೆತ್ ಬೆರಳು ಮಡಿಸಿ ಎಣಿಸಿದ. ಮೂರು ಲಿರಾ.
ಮೂರು ಲಿರಾಕ್ಕೆ ಇವತ್ತು ಸಾರಿನ ಹಬೆಯೂ ಸಿಗದು.
ಜಾಗಕ್ಕಾದರೂ ಸಲ್ಲಲಿ ಎಂದು ಒಂದು ಗಾಜಿನ ಹಾಳೆ ಕೊಂಡ,
ನಮ್ಮ ಬಳಿ ಇಲ್ಲದ ಫೋನಿಗೆ.

ದಾರಿಯಲ್ಲಿ ಮಾತಿಲ್ಲ. ಜಾವಾ ಇನ್ನೊಬ್ಬರ ಮಾತು ಸಹಿಸುವುದಿಲ್ಲ.
ಬೆನ್ನಿಗೆ ಒಂದು ಗುದ್ದು: ನಿಲ್ಲಿಸು. ಎರಡು: ನಿಧಾನ.
ಮೂರಕ್ಕೆ ಅರ್ಥ ಇಟ್ಟಿರಲಿಲ್ಲ.

ಕಂಗಾಲಿನ ಹೊರಗೆ ಮುಳ್ಳುಪಟ್ಟಿ ತೊಟ್ಟ ನಾಯಿಗಳು
ಕರುವಿನಷ್ಟೆತ್ತರ, ಅರ್ಧ ಮೈಲಿ ಅಟ್ಟಿ ಬಂದು,
ಕುರಿಗಳ ನೆನಪಾಗಿ ತಿರುಗಿ ಹೋದವು.
ಚಹಾದ ಮುದುಕ ದುಡ್ಡು ಮುಟ್ಟಲೊಲ್ಲ.
"ಇನ್ನೇಳು ಕುಡಿ, ಹಳೆಯದು ಮರೆಯುತ್ತೇನೆ."
ನಡು ಸಣ್ಣಗಿನ ಪುಟ್ಟ ಲೋಟಗಳು;
ನಾಲ್ಕು ಅವನು, ಮೂರು ನಾನು.
ಮುಂದಿನ ಗುಡ್ಡದ ಮರೆಗೆ ಸರದಿಯ ಮೇಲೆ ಇಳಿದೆವು.

ದಿವ್ರೀ ದಾರಿಯ ತಿರುವಿನಲ್ಲಿ ಗುಲ್ಸುಮಳ ಖಾನಾವಳಿ.
ನಾಲ್ಕು ಮೇಜು, ಹೂವಿನ ರೆಕ್ಸಿನ್ ಹಾಸು.
ಕೈಯೊರೆಸುತ್ತ ಬಂದವಳು ನಿಂತಳು, ಕಣ್ಣು ಕಿರಿದು ಮಾಡಿದಳು,
ಮತ್ತೆ ಒಳಕ್ಕೆ ತಿರುಗಿ ಕೂಗಿದಳು:
"ಜೆವ್ದೆತ್ ಅಣ್ಣ ಬಂದ! ಒಂದು ಪಲ್ಯ, ಈರುಳ್ಳಿ ಹಾಕದೆ!"

ಈರುಳ್ಳಿ ಹಾಕದೆ.

ನಾನು ಅವನನ್ನು ನೋಡಿದೆ. ಅವನು ಉಪ್ಪಿನ ಡಬ್ಬಿಯನ್ನು ನೋಡಿದ.
ಮೂವತ್ತೊಂಬತ್ತು ವರ್ಷ,
ಲಾರಿಯ ಹಾರನ್ನು ಬೀದಿ ಕೊನೆಯಲ್ಲಿ ಕೇಳಿದ ಕೂಡಲೇ
ಬಾಣಲೆ ಇಟ್ಟು ಮೊದಲು ಹುರಿಯುತ್ತಿದ್ದೆ ಅದನ್ನೇ,
ಘಮ ಮೂಗಿಗೆ ಬಡಿದು ಮೆಟ್ಟಿಲು ಎರಡೆರಡು ಹತ್ತಿ ಬರಲಿ ಎಂದು.
ಬರುತ್ತಿದ್ದ ಕೂಡ, ಎರಡೆರಡು ಹತ್ತಿ.

"ಹೇಳಬಾರದಿತ್ತೇ?"
"ಮೊದಲ ದಿನ ಬಡಿಸಿ ಬಾಗಿಲಿಗೊರಗಿ ನನ್ನ ಬಾಯನ್ನೇ ನೋಡುತ್ತಿದ್ದೆ.
ಚೆನ್ನಾಗಿದೆ ಅಂದುಬಿಟ್ಟೆ.
ಆಮೇಲೆ ಹೊತ್ತು ಮೀರಿತು."

ಪುಸ್ತಕ ತಿರುವಿದೆ, ಮೊದಲಿನಿಂದ ಕೊನೆಯವರೆಗೆ.
ಗುಲ್ಸುಮಳ ಹೆಸರಿಲ್ಲ. ಇವಳಿಗೆ ಮಾತ್ರ
ಒಂದು ಹೊತ್ತೂ ಬಾಕಿ ಉಳಿಸಿರಲಿಲ್ಲ ಮಹರಾಯ.
ಅವಳ ಸೆರಗಿಗೆ ಹಿಟ್ಟು ಮೆತ್ತಿತ್ತು, ಮುಂದಿನ ಹಲ್ಲೊಂದಿರಲಿಲ್ಲ,
ನನಗೆ ರೊಟ್ಟಿಯ ಬಿಸಿ ಭಾಗವನ್ನೇ ಆರಿಸಿ ಹರಿದುಕೊಟ್ಟಳು.
ಸಿಟ್ಟು ಎಲ್ಲಿ ಇಡಲಿ ತಿಳಿಯಲಿಲ್ಲ.
ಹಸಿ ಈರುಳ್ಳಿ ಕೇಳಿದೆ. ಇಡಿಯದು.
ಮೇಜಿನ ಮೇಲಿಟ್ಟು ಮುಷ್ಟಿಯಿಂದ ಗುದ್ದಿ ಒಡೆದು
ಉಪ್ಪು ಹಚ್ಚಿ ಪೂರ್ತಿ ತಿಂದೆ, ಅವನೆದುರೇ,
ಕೊನೆಯ ಎಸಳಿನವರೆಗೆ.

ಸಂಜೆಯಿಳುಕಲಿನಲ್ಲಿ ಗಾಳಿ ತಣ್ಣಗೆ.
ಅವನ ಕಿವಿಗೆ ಬಾಯಿ ತಂದು ಉಫ್ ಎಂದು ಊದಿದೆ.
ಹ್ಯಾಂಡಲು ಓಲಾಡಿತು. ದಿಂಬು ಎಲ್ಲೋ ಬಿದ್ದುಹೋಗಿತ್ತು.
ಬೆನ್ನಿಗೆ ಗುದ್ದಿದೆ, ಒಂದಲ್ಲ, ಎರಡಲ್ಲ.
"ಮೂರು ಅಂದರೇನೇ?" ಕೂಗಿದ.
ನನಗೇನು ಗೊತ್ತು. ಓಡಿಸು.
ಮುಂದಿನ ಊರಲ್ಲಿ ಇನ್ನೂ ಎರಡು ಸಾರು, ಒಂದು ಮೊಸರು.